ಧ್ರುವದ ಕಡಲಲ್ಲಿ ಬಯೋಫಿಲ್ಮ್ ಬೆಳೆಸಿ ನೋಡುವುದು ಹೇಗೆ: ಸ್ಲೈಡ್ ಇಳಿಸುವುದರಿಂದ ಎಣಿಸುವವರೆಗೆ

ಕಡಲಿಗೆ ಏನನ್ನೇ ಇಳಿಬಿಡಿ, ಅದರ ಮೇಲೆ ಲೋಳೆ ಕೂರುತ್ತದೆ. ಮಳೆಗಾಲದಲ್ಲಿ ಅಂಗಳದ ಹಾಸುಗಲ್ಲು ಜಾರುತ್ತದಲ್ಲ, ಅದೇ ಬಗೆಯ ಲೋಳೆ. ಸೂಕ್ಷ್ಮಜೀವಿಗಳು ಸೇರಿ ಕಟ್ಟುವ ಈ ಲೋಳೆಪದರವೇ ಬಯೋಫಿಲ್ಮ್. ಮೊದಲು ನೀರಿನಲ್ಲಿ ಕರಗಿರುವ ಸಾವಯವ ಅಂಶ ಕೆಲವೇ ನಿಮಿಷಗಳಲ್ಲಿ ಮೇಲ್ಮೈಗೆ ಅಂಟುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ ಬಂದು ಕೂರುತ್ತವೆ. ತಮ್ಮ ಸುತ್ತ ಅಂಟು ಸುರಿಸಿಕೊಂಡು ನೆಲೆ ನಿಲ್ಲುತ್ತವೆ. ಆಮೇಲೆ ಡಯಾಟಮ್ ಎಂಬ ಗಾಜುಚಿಪ್ಪಿನ ಪಾಚಿಗಳು ಬರುತ್ತವೆ. ಕೊನೆಗೆ ಬಾರ್ನಕಲ್ (ಬಂಡೆಗೆ ಅಂಟುವ ಚಿಪ್ಪುಜೀವಿ), ಬ್ರಯೋಜೋವ (ಗುಂಪಾಗಿ ಹಬ್ಬುವ ಪುಟ್ಟ ಪ್ರಾಣಿಗಳು), ಕಡಲಕಳೆಯಂಥ ದೊಡ್ಡವು. ನಮ್ಮ ಕರಾವಳಿಯಲ್ಲಿ ಇದೆಲ್ಲ ಸರಸರನೆ ನಡೆದುಹೋಗುತ್ತದೆ. ಧ್ರುವದ ಕಡಲಲ್ಲಿ ತುಂಬಾ ನಿಧಾನ. ಅಲ್ಲಿ ಉಪ್ಪುನೀರು ಮೈನಸ್ 1.8 ಡಿಗ್ರಿವರೆಗೆ ತಣ್ಣಗಾದರೂ ನೀರಾಗಿಯೇ ಇರುತ್ತದೆ. ಆ ಚಳಿಯಲ್ಲೂ ಲೋಳೆ ಕಟ್ಟುವುದು ನಿಲ್ಲುವುದಿಲ್ಲ.

ಇದನ್ನು ಅಧ್ಯಯನ ಮಾಡಲು ಹೊರಟಿರುವ ವಿದ್ಯಾರ್ಥಿಗಳಿಗೆ, ಸಂಶೋಧಕರಿಗೆ ಈ ಮಾರ್ಗದರ್ಶಿ. ಗಾಜಿನ ಸ್ಲೈಡ್ ಮತ್ತು ಫಲಕಗಳನ್ನು ಚೌಕಟ್ಟಿಗೆ ಸಿಕ್ಕಿಸಿ ನೀರಿಗೆ ಇಳಿಬಿಟ್ಟು, ಕೆಲ ದಿನಗಳ ಮೇಲೆ ಎತ್ತಿ, ಕೂತದ್ದನ್ನು ನೋಡಿ ಎಣಿಸುವುದು ಇದರ ಕ್ರಮ. ಉದಾಹರಣೆಗೆ ಆರಿಸಿಕೊಂಡಿರುವ ಜಾಗ ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಸಮೂಹದ ಕಾಂಗ್ಸ್‌ಫ್ಯೋರ್ಡ್. ಫ್ಯೋರ್ಡ್ ಅಂದರೆ ಹಿಮನದಿ ಕೊರೆದ, ನೆಲದೊಳಗೆ ಚಾಚಿದ ಕಿರಿದಾದ ಕಡಲತೋಳು. ಅಲ್ಲಿನ ನಿ-ಒಲೆಸುಂಡ್ ಎಂಬ ಪುಟ್ಟ ಸಂಶೋಧನಾ ಊರಿನಲ್ಲಿ ಭಾರತದ ಹಿಮಾದ್ರಿ ನೆಲೆ 2008ರಿಂದ ಇದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಎಲ್ಲರ ತಲೆಬಿಸಿಯೂ ಸ್ಲೈಡ್ ಇಳಿಸುವುದರ ಬಗ್ಗೆಯೇ ಇರುತ್ತದೆ. ನಿಜವಾಗಿ ಕೆಲಸ ಕೆಡುವುದು ಸ್ಲೈಡ್ ಮೇಲೆತ್ತಿದ ನಂತರದ ಹತ್ತು ನಿಮಿಷಗಳಲ್ಲಿ.

1. ಪ್ರಶ್ನೆ ಒಂದೇ ಇರಲಿ

"ಧ್ರುವದ ಬಯೋಫಿಲ್ಮ್ ಹೇಗಿರುತ್ತದೆ" ಅನ್ನುವುದು ಪ್ರಶ್ನೆಯಲ್ಲ, ಆಸೆ. ಪ್ರಶ್ನೆ ಅಂದರೆ ಹೀಗಿರಬೇಕು: ಹಿಮನದಿಯ ಕೆಸರು ಬರುವ ಕಡೆಗೂ ಫ್ಯೋರ್ಡಿನ ಬಾಯಿಯ ಕಡೆಗೂ ಒಂದು ತಿಂಗಳಲ್ಲಿ ಕೂರುವ ಬ್ಯಾಕ್ಟೀರಿಯಾ ಸಂಖ್ಯೆಯಲ್ಲಿ ವ್ಯತ್ಯಾಸ ಇದೆಯೇ? ಗಾಜಿನ ಮೇಲೆ ಕೂರುವವಕ್ಕೂ ಅಕ್ರಿಲಿಕ್ ಮೇಲೆ ಕೂರುವವಕ್ಕೂ ವ್ಯತ್ಯಾಸ ಇದೆಯೇ? ಇಂಥದ್ದು ಒಂದು ಸಾಕು.

ಇದು ಬರೀ ಕುತೂಹಲದ ವಿಷಯವೂ ಅಲ್ಲ. 2014ರಲ್ಲಿ ಭಾರತ ಇದೇ ಫ್ಯೋರ್ಡಿನಲ್ಲಿ 192 ಮೀಟರ್ ಆಳಕ್ಕೆ ಇಂಡಾರ್ಕ್ ಎಂಬ ಉಪಕರಣಗಳ ಸರಪಳಿಯನ್ನು ಇಳಿಸಿತು. ಹಾಗೆ ತಿಂಗಳುಗಟ್ಟಲೆ ನೀರಿನಲ್ಲಿರುವ ಸೆನ್ಸರ್‌ನ ಕಣ್ಣಿಗೆ ಲೋಳೆ ಕಟ್ಟಿದರೆ ಅಳತೆ ನಿಧಾನವಾಗಿ ತಪ್ಪುತ್ತಾ ಹೋಗುತ್ತದೆ. ಎಷ್ಟು ದಿನಕ್ಕೆ ಎಷ್ಟು ಲೋಳೆ ಅನ್ನುವ ಲೆಕ್ಕ ಅದಕ್ಕೇ ಬೇಕು.

2. ಅನುಮತಿ, ಸಾಮಾನು

ಭಾರತದಿಂದ ಹೋಗುವವರಿಗೆ ದಾರಿ ಗೋವಾದ ವಾಸ್ಕೊದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ಮೂಲಕ. ಸ್ವಾಲ್ಬಾರ್ಡ್‌ನಲ್ಲಿ ಮಾಡುವ ಸಂಶೋಧನೆಯನ್ನು ಅಲ್ಲಿನ ರಿಸರ್ಚ್ ಇನ್ ಸ್ವಾಲ್ಬಾರ್ಡ್ ದಾಖಲೆಯಲ್ಲಿ ನೋಂದಾಯಿಸಬೇಕು. ಹೊರಗೆ ಏನಾದರೂ ಬಿಟ್ಟು ಬರುವುದಾದರೆ ಗವರ್ನರ್ ಕಚೇರಿಯ ಒಪ್ಪಿಗೆ ಕೇಳಬೇಕು. ಅಂಟಾರ್ಕ್ಟಿಕಾಕ್ಕೆ, ಅಂದರೆ ನಮ್ಮ ಭಾರತಿ ನೆಲೆಗೆ ಹೋಗುವವರಿಗೆ 2022ರ ಭಾರತೀಯ ಅಂಟಾರ್ಕ್ಟಿಕ್ ಕಾಯ್ದೆ ಅನ್ವಯಿಸುತ್ತದೆ. ಮೈತ್ರಿ ನೆಲೆ ಕಡಲಿನಿಂದ ತುಂಬಾ ಒಳಗಿದೆ. ಈ ಕೆಲಸಕ್ಕೆ ಅದು ಆಗುವುದಿಲ್ಲ.

ಸಾಮಾನಿನ ವಿಷಯದಲ್ಲಿ ಎರಡು ಎಚ್ಚರಿಕೆ. ಫಾರ್ಮಾಲಿನ್ (ಮಾದರಿ ಕೆಡದಂತೆ ಇಡುವ ಫಾರ್ಮಾಲ್ಡಿಹೈಡ್ ದ್ರಾವಣ), ಆಲ್ಕೋಹಾಲ್‌ಗಳನ್ನು ನಿಮ್ಮ ಬ್ಯಾಗಿನಲ್ಲಿ ವಿಮಾನಕ್ಕೆ ಹತ್ತಿಸಲು ಬಿಡುವುದಿಲ್ಲ. ತಿಂಗಳುಗಳ ಮೊದಲೇ ಹಡಗಿನ ಸರಕಿನಲ್ಲಿ ಕಳಿಸಲು ವ್ಯವಸ್ಥೆ ಮಾಡಿ, ಇಲ್ಲವೇ ಅಲ್ಲಿನ ಮರೈನ್ ಲ್ಯಾಬಿನಲ್ಲಿ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ಎರಡನೆಯದು ಬ್ಲೂಟೂತ್. ನಿ-ಒಲೆಸುಂಡ್ ರೇಡಿಯೊ ಮೌನದ ಊರು. ಅಲ್ಲಿ ವೈಫೈ, ಬ್ಲೂಟೂತ್ ಹಾಕುವಂತಿಲ್ಲ. ಈಗ ಮಾರುಕಟ್ಟೆಗೆ ಬರುವ, ತಾಪಮಾನವನ್ನು ತಾನೇ ಅಳೆದು ದಾಖಲಿಸುವ ಲಾಗರ್‌ಗಳಲ್ಲಿ ಎಷ್ಟೋ ಬ್ಲೂಟೂತ್‌ನವೇ. ಅದನ್ನು ಕೊಂಡುಹೋದರೆ ಡೇಟಾ ಇಳಿಸಿಕೊಳ್ಳಲಾಗದೆ ಕೂರಬೇಕಾಗುತ್ತದೆ. ಕೇಬಲ್ ಹಾಕಿ ಓದುವಂಥದ್ದನ್ನೇ ಕೊಳ್ಳಿ. (2023ರ ಡಿಸೆಂಬರ್‌ನಲ್ಲಿ ಹಿಮಾದ್ರಿಗೆ ಹೋದ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಅವರು ಹೋಗಿದ್ದೇ ರೇಡಿಯೊ ಖಗೋಳದ ಕೆಲಸಕ್ಕೆ ಆ ಜಾಗ ಎಷ್ಟು ಶಾಂತವಾಗಿದೆ ಎಂದು ಅಳೆಯಲು.)

ಊರಿನ ಗಡಿ ದಾಟಿದರೆ ಹಿಮಕರಡಿಯ ಭಯ. ಬಂದೂಕು ತರಬೇತಿ ಇದ್ದವರ ಜೊತೆಯೇ ಹೋಗಬೇಕು. ಇದನ್ನು ಯಾರೂ ತಮಾಷೆಗೆ ಹೇಳುವುದಿಲ್ಲ.

3. ಯಾವ ಮೇಲ್ಮೈ

ಸೂಕ್ಷ್ಮದರ್ಶಕಕ್ಕೆ ಮಾಮೂಲಿ ಗಾಜಿನ ಸ್ಲೈಡ್. ಕೂತದ್ದು ಯಾವ ಬ್ಯಾಕ್ಟೀರಿಯಾ ಎಂದು ಗುರುತಿಸಲು ಬೇಕಾದ ಡಿಎನ್‌ಎಗೆ ದೊಡ್ಡ ಅಕ್ರಿಲಿಕ್ ಫಲಕ. ಯಾಕೆ ಎರಡು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಚದರ ಸೆಂಟಿಮೀಟರಿಗೆ 1,20,000 ಬ್ಯಾಕ್ಟೀರಿಯಾ ಕೂತಿವೆ ಎಂದುಕೊಳ್ಳಿ. ಸ್ಲೈಡಿನ ಒಂದು ಮುಖ ಸುಮಾರು 19 ಚದರ ಸೆಂಟಿಮೀಟರ್. ಒಟ್ಟು 22 ಲಕ್ಷ ಚಿಲ್ಲರೆ ಜೀವಕೋಶ. ಒಂದೊಂದರಲ್ಲಿ ಸುಮಾರು 5 ಫೆಮ್ಟೊಗ್ರಾಂ (ನ್ಯಾನೊಗ್ರಾಂನ ಹತ್ತು ಲಕ್ಷದಲ್ಲೊಂದು ಪಾಲು 1 ಫೆಮ್ಟೊಗ್ರಾಂ) ಡಿಎನ್‌ಎ ಹಿಡಿದರೂ ಸಿಗುವುದು ಬರೀ 11 ನ್ಯಾನೊಗ್ರಾಂ. ತೆಗೆಯುವಾಗ ಅದರಲ್ಲೂ ಒಂದಷ್ಟು ನಷ್ಟ. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ಫಲಕ ಹಾಕಿದರೆ ಒಂದೇ ಮುಖದಲ್ಲಿ 60 ನ್ಯಾನೊಗ್ರಾಂ. ಅದರಲ್ಲಿ ಕೆಲಸ ಆಗುತ್ತದೆ.

ಗಾಜನ್ನು ಸೋಪು, ಹತ್ತು ಪರ್ಸೆಂಟ್ ಹೈಡ್ರೊಕ್ಲೋರಿಕ್ ಆಮ್ಲ, ಶುದ್ಧ ನೀರು, ಹೀಗೆ ತೊಳೆದು ಕುಲುಮೆಯಲ್ಲಿ 450 ಡಿಗ್ರಿಗೆ ನಾಲ್ಕು ಗಂಟೆ ಇಡಿ. ಕೈಬೆರಳಿನ ಜಿಡ್ಡೂ ಉಳಿಯುವುದಿಲ್ಲ. ಅಕ್ರಿಲಿಕ್‌ಗೆ ಇದು ನಡೆಯದು, ಕರಗಿಹೋಗುತ್ತದೆ. ಆಲ್ಕೋಹಾಲ್‌ನಲ್ಲಿ ಒರೆಸುವುದೂ ಬೇಡ, ಮೈಯೆಲ್ಲ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಆ ಬಿರುಕುಗಳಲ್ಲೇ ಬ್ಯಾಕ್ಟೀರಿಯಾ ಜಾಸ್ತಿ ಸೇರಿಕೊಂಡು ಲೆಕ್ಕ ತಪ್ಪುತ್ತದೆ. ಸೌಮ್ಯ ಸೋಪು, ತೆಳು ಬ್ಲೀಚ್, ಆಮೇಲೆ ಚೆನ್ನಾಗಿ ಶುದ್ಧ ನೀರು. ಅಷ್ಟೇ.

ಚೌಕಟ್ಟನ್ನು ಪಿವಿಸಿಯಲ್ಲಿ ಮಾಡಿಸಿ. ಬೋಲ್ಟು ನೈಲಾನ್ ಇಲ್ಲವೇ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಹಿತ್ತಾಳೆ, ತಾಮ್ರ ಹತ್ತಿರವೂ ಸುಳಿಯಬಾರದು. ಹಡಗಿನ ತಳಕ್ಕೆ ಏನೂ ಅಂಟದಿರಲಿ ಎಂದು ಬಳಿಯುವ ಬಣ್ಣದಲ್ಲಿ ಇರುವುದೇ ತಾಮ್ರ, ಅಲ್ವಾ.

ಇನ್ನೊಂದು. ಒಂದೇ ಚೌಕಟ್ಟಿಗೆ ಒಂಬತ್ತು ಸ್ಲೈಡ್ ಸಿಕ್ಕಿಸಿ "ಒಂಬತ್ತು ಮಾದರಿ" ಅನ್ನಬೇಡಿ. ಅದು ಒಂದೇ ಮಾದರಿಯ ಒಂಬತ್ತು ತುಂಡು. ಮೂರು ಬೇರೆ ಬೇರೆ ಚೌಕಟ್ಟು, ನಡುವೆ ಹತ್ತಿಪ್ಪತ್ತು ಮೀಟರ್ ಅಂತರ, ಒಂದೊಂದರಲ್ಲಿ ಮೂರು ಸ್ಲೈಡ್. ಲೇಖನ ಪರಿಶೀಲಿಸುವವರು ಮೊದಲು ಹುಡುಕುವ ತಪ್ಪು ಇದೇ.

4. ಊರಲ್ಲೇ ಒಂದು ರಿಹರ್ಸಲ್

ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಕಡಲು ಸೇರುವ ಕಡೆ, ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಅಂಥ ಅಳಿವೆ ಈ ಕೆಲಸ ಕಲಿಯಲು ಹೇಳಿಮಾಡಿಸಿದ ಜಾಗ. ಮಳೆಗಾಲದ ಹೊತ್ತಿಗೆ ಮೇಲೆ ಹೊಳೆಯ ಸಿಹಿನೀರು, ಕೆಳಗೆ ಕಡಲಿನ ಉಪ್ಪುನೀರು. ಬೇಸಿಗೆಯ ಕಾಂಗ್ಸ್‌ಫ್ಯೋರ್ಡಿನಲ್ಲೂ ಹಾಗೇ. ಅಲ್ಲಿ ಮೇಲಿನ ಪದರ ಹಿಮನದಿ ಕರಗಿದ ನೀರು. ಸ್ಲೈಡ್ ಎತ್ತುವ, ಡಬ್ಬಿಗೆ ಹಾಕುವ, ಫಿಕ್ಸ್ ಮಾಡುವ (ರಾಸಾಯನಿಕದಿಂದ ಜೀವಕೋಶಗಳನ್ನು ಇದ್ದ ಹಾಗೇ ನಿಲ್ಲಿಸುವ) ಕೆಲಸವನ್ನು ಇಲ್ಲಿ ಕೈಗೆ ರೂಢಿ ಮಾಡಿಕೊಳ್ಳಿ. ದಪ್ಪ ಕೈಗವಸು ಹಾಕಿಕೊಂಡೇ ಮಾಡಿ. ಬೆವರು ಸುರಿದರೂ ಪರವಾಗಿಲ್ಲ. ಗವಸಿನ ಕೈಯಲ್ಲಿ ಫೋರ್ಸೆಪ್ಸ್ ಹಿಡಿಯುವುದೇ ಬೇರೆ ವಿದ್ಯೆ. ಯಾವ ಮುಚ್ಚಳ ತೆರೆಯಲು ಬರುವುದಿಲ್ಲ, ಯಾವ ಲೇಬಲ್ ಒದ್ದೆಯಾದಾಗ ಅಳಿಸುತ್ತದೆ ಅನ್ನುವುದು ಆಗಲೇ ಗೊತ್ತಾಗುತ್ತದೆ.

5. ಜಾಗ, ಆಳ, ಕಾಲ

ಕಾಂಗ್ಸ್‌ಫ್ಯೋರ್ಡಿನ ತಲೆಯ ಕಡೆ ಕ್ರೋನೆಬ್ರೀನ್, ಕಾಂಗ್ಸ್‌ಬ್ರೀನ್‌ನಂಥ ಹಿಮನದಿಗಳು ನೇರ ಕಡಲಿಗೆ ಇಳಿಯುತ್ತವೆ. ಬೇಸಿಗೆಯಲ್ಲಿ ಅಲ್ಲಿನ ನೀರು ಕೆಂಪು-ಕಂದು. ಕೆಂಪು ಮರಳುಗಲ್ಲು ಅರೆದು ಬಂದ ಕೆಸರು ಅದು. ಅಲ್ಲಿ ಸ್ಲೈಡನ್ನು ಮಲಗಿಸಿ ಇಟ್ಟರೆ ನಿಮಗೆ ಸಿಗುವುದು ಬಯೋಫಿಲ್ಮ್ ಅಲ್ಲ, ಮಣ್ಣು. ಹಾಗಾಗಿ ಸ್ಲೈಡ್ ಯಾವಾಗಲೂ ನೆಟ್ಟಗೆ ನಿಂತಿರಬೇಕು. ಫ್ಯೋರ್ಡಿನ ಬಾಯಿಯ ಕಡೆ ಅಟ್ಲಾಂಟಿಕ್‌ನ ಬೆಚ್ಚನೆಯ ನೀರು ಒಳಗೆ ಬರುತ್ತದೆ, ಕೆಸರು ಕಡಿಮೆ. ಇವೆರಡನ್ನು ಹೋಲಿಸಿದರೆ ಒಳ್ಳೆಯ ಪ್ರಬಂಧ ಆಗುತ್ತದೆ.

ಜೆಟ್ಟಿಯಿಂದ ಹಗ್ಗ ಬಿಡುವುದು ಎಲ್ಲಕ್ಕಿಂತ ಸುಲಭ. ಕಲಿಯಲು ಸರಿ. ಆದರೆ ಅದನ್ನೇ "ಧ್ರುವದ ನಿರ್ಮಲ ಕಡಲು" ಅಂತ ಬರೆಯಲಾಗದು. ಅಂಟಾರ್ಕ್ಟಿಕಾದ ಮೆಕ್‌ಮರ್ಡೊ ನೆಲೆಯ ಪಕ್ಕದ ವಿಂಟರ್ ಕ್ವಾರ್ಟರ್ಸ್ ಬೇಯಲ್ಲಿ ಹಳೆಯ ಕಸ, ಎಣ್ಣೆ ಸೇರಿ ತಳ ಕೆಟ್ಟಿದೆ. ಆ ಪ್ರದೇಶದಲ್ಲಿ ಸ್ಲೈಡ್ ಇಳಿಬಿಟ್ಟು ನೋಡಿದವರಿಗೆ ಜಾಗದಿಂದ ಜಾಗಕ್ಕೆ ಬೇರೆ ಬೇರೆ ಬ್ಯಾಕ್ಟೀರಿಯಾ ಸಮೂಹ ಸಿಕ್ಕಿತು. ನೆಲೆಯ ಪಕ್ಕ ಕೂರುವ ಲೋಳೆ ನೆಲೆಯ ಕಥೆಯನ್ನೂ ಹೇಳುತ್ತದೆ.

ಆಳದ ವಿಷಯಕ್ಕೆ ಬಂದರೆ, ಮಂಜುಗಡ್ಡೆ ದೊಡ್ಡ ತಲೆನೋವು. ಕಾಂಗ್ಸ್‌ಫ್ಯೋರ್ಡಿನಲ್ಲಿ ಹಿಮನದಿಯಿಂದ ಕಳಚಿದ ಗಡ್ಡೆಗಳು ತೇಲಿ ಬಂದು ಮೇಲಿನ ತೇಲುಬುಂಡೆಯನ್ನು ಎಳೆದುಕೊಂಡು ಹೋಗುತ್ತವೆ. ತೇಲುಬುಂಡೆಯನ್ನು ಮೇಲೆ ಕಾಣುವಂತೆ ಬಿಡದೆ ಐದಾರು ಮೀಟರ್ ಕೆಳಗೇ ನಿಲ್ಲಿಸಿ. ತಳದಲ್ಲಿ ಭಾರ, ನಡುವೆ ಚೌಕಟ್ಟು. ಹತ್ತರಿಂದ ಹದಿನೈದು ಮೀಟರ್ ಆಳ ಶುರುಮಾಡಲು ಒಳ್ಳೆಯದು. ಅಂಟಾರ್ಕ್ಟಿಕಾದಲ್ಲಿ ಲೆಕ್ಕ ಇನ್ನೂ ಗಟ್ಟಿ. ಮೆಕ್‌ಮರ್ಡೊ ಸೌಂಡ್‌ನಲ್ಲಿ ಸುಮಾರು 15 ಮೀಟರ್‌ವರೆಗೆ ತಳದ ಮೇಲೆಯೇ ಮಂಜು ಕಟ್ಟುತ್ತದೆ. ಹಾಗೆ ಕಟ್ಟಿದ ಮಂಜು ತೇಲಿ ಏಳುವಾಗ ತಳದಲ್ಲಿರುವ ಜೀವಿಗಳನ್ನೂ ಕಿತ್ತುಕೊಂಡು ಏಳುತ್ತದೆ. ನಿಮ್ಮ ಚೌಕಟ್ಟನ್ನೂ ಬಿಡುವುದಿಲ್ಲ.

ಕಾಲ ಇನ್ನೊಂದು. ನಿ-ಒಲೆಸುಂಡ್‌ನಲ್ಲಿ ಏಪ್ರಿಲ್ ನಡುವಿನಿಂದ ಆಗಸ್ಟ್ ಕೊನೆಯ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಏಳುವುದೇ ಇಲ್ಲ. ಬೆಳಕಿನ ತಿಂಗಳಲ್ಲಿ ಇಳಿಸಿದ ಸ್ಲೈಡ್ ಡಯಾಟಮ್‌ನಿಂದ ಕಂದಾಗುತ್ತದೆ. ಕತ್ತಲಲ್ಲಿ ಇಳಿಸಿದ್ದು ಬಹುಪಾಲು ಬ್ಯಾಕ್ಟೀರಿಯಾದ್ದೇ. ಇಬ್ಬರ ಫಲಿತಾಂಶ ಹೊಂದದಿದ್ದರೆ ಮೊದಲು ಅವರವರ ತಾರೀಖು ನೋಡಿ.

6. ಇಳಿಸುವುದು, ಕಾಯುವುದು

ಇಳಿಸುವ ಕೆಲಸ ಸರಳ. ದೋಣಿ ನಡೆಸುವವರು ಹೇಳಿದಂತೆ ಕೇಳಿ. ನೀರೊಳಗೆ ಇಳಿಯುವುದು ತರಬೇತಿ ಪಡೆದ ಪೋಲಾರ್ ಡೈವರ್‌ಗಳ ಕೆಲಸ, ನಿಮ್ಮದಲ್ಲ. ಆ ಚಳಿಯಲ್ಲಿ ಉಸಿರಿನ ರೆಗ್ಯುಲೇಟರ್ ಹೆಪ್ಪುಗಟ್ಟಿ ಗಾಳಿ ಸುಮ್ನೆ ಸೋರಿಹೋಗುವುದು ಅಪರೂಪವೇನಲ್ಲ. ಅಂಟಾರ್ಕ್ಟಿಕಾದಲ್ಲಿ ಅದಕ್ಕಿಂತ ದೊಡ್ಡ ಅಪಾಯವೂ ಇದೆ. 2003ರಲ್ಲಿ ಬ್ರಿಟನ್ನಿನ ರೊಥೆರಾ ನೆಲೆಯ ಬಳಿ ಸ್ನಾರ್ಕೆಲ್ ಮಾಡುತ್ತಿದ್ದ ಸಂಶೋಧಕಿಯೊಬ್ಬರು ಲೆಪರ್ಡ್ ಸೀಲ್ ದಾಳಿಗೆ ಬಲಿಯಾದರು.

ಚೌಕಟ್ಟಿನ ಜೊತೆ ತಾಪಮಾನದ ಲಾಗರ್ ಕಟ್ಟುವುದನ್ನು ಮರೆಯಬೇಡಿ. ಒಂದು ಡಿಗ್ರಿಯೂ ಅಲ್ಲಿ ಸಣ್ಣದಲ್ಲ. ರೊಥೆರಾದಲ್ಲಿ ಕಡಲತಳದ ಫಲಕಗಳನ್ನೇ ಬಿಸಿಮಾಡಿ ಪ್ರಯೋಗ ಮಾಡಿದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ನೀರಿಗಿಂತ ಬರೀ ಒಂದು ಡಿಗ್ರಿ ಬಿಸಿ ಇದ್ದ ಫಲಕಗಳ ಮೇಲೆ ಒಂದೇ ಜಾತಿಯ ಬ್ರಯೋಜೋವ ಎಲ್ಲ ಕಡೆ ಹಬ್ಬಿಕೊಂಡಿತ್ತು. ಕೆಲವು ಜೀವಿಗಳ ಬೆಳವಣಿಗೆ ಹೆಚ್ಚುಕಡಿಮೆ ಎರಡರಷ್ಟಾಗಿತ್ತು.

ಎಷ್ಟು ದಿನ ಬಿಡಬೇಕು? ನನ್ನ ಸಲಹೆ 7, 14, 28, 60 ದಿನ. ಒಂದು ಚೌಕಟ್ಟನ್ನು ಒಂದು ವರ್ಷಕ್ಕೆ. ಏಳನೇ ದಿನದ ಸ್ಲೈಡ್ ನೋಡಿ ಬೇಜಾರಾಗಬೇಡಿ. ಬರಿಗಣ್ಣಿಗೆ ಅದು ಇಳಿಸಿದ ಹಾಗೇ ಇರುತ್ತದೆ.

7. ಎತ್ತುವ ಹತ್ತು ನಿಮಿಷ

ಇಲ್ಲಿ ನಿಧಾನವಾಗಿ ಓದಿ.

ಸ್ಲೈಡ್ ಕೆಳಗೆ ಉಪ್ಪುನೀರಿನಲ್ಲಿ, ಸೊನ್ನೆಯ ಆಸುಪಾಸಿನ ತಂಪಿನಲ್ಲಿ ಇದೆ. ಮೇಲೆತ್ತುವಾಗ ಅದಕ್ಕೆ ನಾಲ್ಕು ಪೆಟ್ಟು ಬೀಳಬಹುದು. ಒಂದು, ಮೇಲಿನ ಸಿಹಿನೀರಿನ ಪದರ. ಉಪ್ಪಿಗೆ ಒಗ್ಗಿದ ಜೀವಕೋಶಕ್ಕೆ ಸಿಹಿನೀರು ತಾಗಿದರೆ ಅದು ಉಬ್ಬಿ ಒಡೆಯುತ್ತದೆ. ಎರಡು, ಗಾಳಿ. ಹೊರಗೆ ಮೈನಸ್ 15 ಇದ್ದರೆ ತೆಳು ಲೋಳೆ ನೋಡನೋಡುತ್ತಲೇ ಹೆಪ್ಪುಗಟ್ಟುತ್ತದೆ. ಮಂಜಿನ ಹರಳು ಜೀವಕೋಶವನ್ನು ಹರಿಯುತ್ತದೆ. ಮೂರು, ಸೋರುವ ನೀರು. ಸ್ಲೈಡ್ ನೀರಿನಿಂದ ಹೊರಬರುವಾಗ ಇಳಿಯುವ ನೀರೇ ಸರಿಯಾಗಿ ಅಂಟದವನ್ನು ಎಳೆದುಕೊಂಡು ಹೋಗುತ್ತದೆ. ನಾಲ್ಕು, ಲ್ಯಾಬಿನ ಬಿಸಿ. ಚಳಿಪ್ರಿಯ ಬ್ಯಾಕ್ಟೀರಿಯಾಗಳಿಗೆ 15 ಡಿಗ್ರಿಯ ಒಳಗೇ ಹಿತ, 20 ದಾಟಿದರೆ ಬೆಳೆಯಲಾರವು. ನಮಗೆ ಆರಾಮ ಅನಿಸುವ 22 ಡಿಗ್ರಿಯ ಕೋಣೆ ಅವಕ್ಕೆ ಸುಡುಬಿಸಿಲು.

ಹಾಗಾಗಿ ಡೈವರ್ ಇದ್ದರೆ ಸ್ಲೈಡನ್ನು ನೀರೊಳಗೇ ಡಬ್ಬಿಗೆ ಹಾಕಿ ಮುಚ್ಚಿಸಿ. ಡೈವರ್ ಇಲ್ಲದಿದ್ದರೆ ಮೊದಲು ನಿಸ್ಕಿನ್ ಬಾಟಲಿ (ಬೇಕಾದ ಆಳದಲ್ಲಿ ಮುಚ್ಚಿಕೊಂಡು ಅಲ್ಲಿನ ನೀರನ್ನೇ ಹಿಡಿಯುವ ಕೊಳವೆ) ಇಳಿಸಿ ಅದೇ ಆಳದ ನೀರನ್ನು ತನ್ನಿ. ಐಸ್‌ಬಾಕ್ಸಿನೊಳಗಿನ ಬಕೆಟ್ಟಿಗೆ ಸುರಿಯಿರಿ. ಆಮೇಲೆ ಚೌಕಟ್ಟನ್ನು ತಡಮಾಡದೆ ಎಳೆದು ನೇರ ಆ ಬಕೆಟ್ಟಿಗೆ ಮುಳುಗಿಸಿ. ಐಸ್‌ಬಾಕ್ಸ್ ಇಲ್ಲಿ ಮಾದರಿ ಬಿಸಿಯಾಗದಂತೆಯೂ ಹೆಪ್ಪುಗಟ್ಟದಂತೆಯೂ ಕಾಯುತ್ತದೆ. ನೀರಿನಿಂದ ಬಕೆಟ್ಟಿಗೆ ಎಷ್ಟು ಸೆಕೆಂಡ್ ಆಯಿತು ಎಂದು ಪ್ರತಿಸಲ ಬರೆದಿಡಿ.

ಸ್ಲೈಡನ್ನು ತೊಳೆಯಬೇಕಾದರೆ 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿದ, ಅದೇ ತಂಪಿನ ಕಡಲನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ನಲ್ಲಿನೀರು ಬೇಡ, ಡಿಸ್ಟಿಲ್ಡ್ ನೀರೂ ಬೇಡ. ಫಾರ್ಮಾಲ್ಡಿಹೈಡ್ ಅನ್ನೂ ಸೋಸಿದ ಕಡಲನೀರಿನಲ್ಲೇ ಬೆರೆಸಿ, ಎರಡರಿಂದ ನಾಲ್ಕು ಪರ್ಸೆಂಟ್. ಚಳಿಯಲ್ಲಿ ಅದು ಮೆಲ್ಲಗೆ ಕೆಲಸ ಮಾಡುತ್ತದೆ. 4 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಡಿಎನ್‌ಎ ಫಲಕವನ್ನು ಸ್ಟೆರೈಲ್ ಸ್ವಾಬ್‌ನಿಂದ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಉಜ್ಜಿ ಸ್ವಾಬ್ ತುದಿಯನ್ನು ಟ್ಯೂಬಿಗೆ ಮುರಿದು ಹಾಕಿ. ದ್ರವ ಸಾರಜನಕ ಇದ್ದರೆ ಅದಕ್ಕೇ. ಇಲ್ಲದಿದ್ದರೆ ಆರ್‌ಎನ್‌ಎ ಲೇಟರ್ ದ್ರಾವಣ ದಾರಿಯುದ್ದಕ್ಕೂ ಕಾಪಾಡುತ್ತದೆ. ಅದರಲ್ಲಿ ಉಪ್ಪು ಜಾಸ್ತಿ, ಚಳಿಗೆ ತಳದಲ್ಲಿ ಹರಳು ಕಟ್ಟುತ್ತದೆ. ಬಳಸುವ ಮೊದಲು ಬೆಚ್ಚಗೆ ಮಾಡಿ ಕರಗಿಸಿಕೊಳ್ಳಿ.

ಸೋಸದ ಕಡಲನೀರನ್ನು "ನಾಳೆಗೆ ಆಗುತ್ತೆ" ಎಂದು ಬಾಟಲಿಯಲ್ಲಿ ಇಡಬೇಡಿ. ಬಾಟಲಿಯ ಒಳಗೋಡೆಯೂ ಒಂದು ಮೇಲ್ಮೈಯೇ. ಕೂಡಿಟ್ಟ ಕಡಲನೀರಿನಲ್ಲಿ ಬ್ಯಾಕ್ಟೀರಿಯಾ ಗೋಡೆಗೆ ಅಂಟಿ ಬೆಳೆಯುವುದನ್ನು ಕಡಲ ಸೂಕ್ಷ್ಮಜೀವಿ ವಿಜ್ಞಾನಿ ಕ್ಲಾಡ್ ಜೊಬೆಲ್ 1943ರಲ್ಲೇ ವಿವರಿಸಿದ್ದರು.

8. ಖಾಲಿ ಸ್ಲೈಡ್

ಪ್ರತಿಸಲ ಒಂದು ಸ್ವಚ್ಛ ಸ್ಲೈಡನ್ನೂ ಒಂದು ಫಲಕವನ್ನೂ ಜೊತೆಗೆ ಒಯ್ಯಿರಿ. ಒಂದೇ ನಿಮಿಷ ನೀರಿಗೆ ಅದ್ದಿ ತೆಗೆದು, ಉಳಿದವಕ್ಕೆ ಮಾಡಿದ್ದೆಲ್ಲವನ್ನೂ ಅದಕ್ಕೂ ಮಾಡಿ. 11 ನ್ಯಾನೊಗ್ರಾಂ ಡಿಎನ್‌ಎಯ ಲೆಕ್ಕ ನೆನಪಿದೆಯಲ್ಲ? ಇಷ್ಟು ಕಡಿಮೆ ಇದ್ದಾಗ ಡಿಎನ್‌ಎ ಕಿಟ್ಟಿನ ದ್ರಾವಣಗಳಲ್ಲಿರುವ ಬ್ಯಾಕ್ಟೀರಿಯಾ ಚೂರುಗಳೇ ಫಲಿತಾಂಶದಲ್ಲಿ ಮೆರೆಯುತ್ತವೆ. ಪಟ್ಟಿಯಲ್ಲಿ ಸ್ಟೆಫೈಲೊಕಾಕಸ್ ಎದ್ದು ಕಂಡರೆ ಅದು ಬಹುಮಟ್ಟಿಗೆ ಆರ್ಕ್ಟಿಕ್‌ನದಲ್ಲ, ನಿಮ್ಮ ಚರ್ಮದ್ದು. ಖಾಲಿ ಸ್ಲೈಡ್ ಇಲ್ಲದ ಧ್ರುವದ ಬಯೋಫಿಲ್ಮ್ ಡಿಎನ್‌ಎ ಪಟ್ಟಿಯನ್ನು ನಾನಂತೂ ನಂಬುವುದಿಲ್ಲ.

9. ಎಣಿಕೆ

ಸ್ಲೈಡಿಗೆ ಡಾಪಿ ಎಂಬ, ಡಿಎನ್‌ಎಗೆ ಅಂಟಿ ಹೊಳೆಯುವ ಬಣ್ಣ ಹಾಕಿ ಕತ್ತಲಲ್ಲಿ ಹತ್ತು ನಿಮಿಷ ಬಿಡಿ. ಅತಿನೇರಳೆ ಬೆಳಕಿನ ಸೂಕ್ಷ್ಮದರ್ಶಕದ ಕೆಳಗೆ ಇಡಿ. ಬ್ಯಾಕ್ಟೀರಿಯಾ ನೀಲಿ ಚುಕ್ಕೆಗಳಾಗಿ ಹೊಳೆಯುತ್ತವೆ. ಡಯಾಟಮ್‌ಗಳ ಹರಿತ್ತು ಕೆಂಪಗೆ ಕಾಣುತ್ತದೆ. ಮಣ್ಣಿನ ಕಣಗಳೂ ಹೊಳೆಯುತ್ತವೆ, ಆದರೆ ಹಳದಿ ಛಾಯೆಯಲ್ಲಿ. ಅವನ್ನು ಎಣಿಸಬೇಡಿ. ಕೆಸರಿನ ಕಡೆಯ ಸ್ಲೈಡಿನಲ್ಲಿ ಇದು ದೊಡ್ಡ ಸಂಕಟ.

ಒಂದು ಸ್ಲೈಡನ್ನು ಫಿಕ್ಸ್ ಮಾಡದೆ ಹಸಿಯಾಗಿಯೂ ನೋಡಿ. ತಣ್ಣಗಿನ ಕೋಣೆಯಲ್ಲೇ ನೋಡಬೇಕು. ನ್ಯಾವಿಕ್ಯುಲಾ ಡಯಾಟಮ್ ಗಾಜಿನ ಮೇಲೆ ಜಾರುತ್ತಾ ಮುಂದೆ ಹೋಗಿ, ನಿಂತು, ಬಂದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ. ಹೋದಲ್ಲೆಲ್ಲ ಅಂಟಿನ ಗೆರೆ ಬಿಡುತ್ತದೆ. ಪಕ್ಕದಲ್ಲಿ ಕೊಕೊನೀಸ್ ಎಂಬ ಇನ್ನೊಂದು ಡಯಾಟಮ್ ಒಂದು ಮಗ್ಗುಲನ್ನು ಗಾಜಿಗೆ ಅಂಟಿಸಿಕೊಂಡು ಅಲ್ಲಾಡದೆ ಮಲಗಿರುತ್ತದೆ. ಎಣಿಕೆಯ ಫಾರಂನಲ್ಲಿ ಇದಕ್ಕೆ ಕಾಲಂ ಇಲ್ಲ. ಆದರೂ ಬರೆದಿಡಿ. ಯಾವುದು ಅಂಟಿ ಕೂತದ್ದು, ಯಾವುದು ಓಡಾಡುತ್ತಿದ್ದದ್ದು ಅನ್ನುವುದು ಫಿಕ್ಸ್ ಆದ ಮೇಲೆ ಗೊತ್ತಾಗುವುದಿಲ್ಲ.

ಲೆಕ್ಕ ಹೀಗೆ: ಕಣ್ಣುಮಸೂರದ ಗ್ರಿಡ್ಡಿನ ಚೌಕ ಎರಡೂ ಕಡೆ 100 ಮೈಕ್ರಾನ್ ಇದ್ದರೆ ಒಂದು ಚದರ ಸೆಂಟಿಮೀಟರಿನಲ್ಲಿ ಅಂಥ 10,000 ಚೌಕ. ಚೌಕಕ್ಕೆ ಸರಾಸರಿ 12 ಬ್ಯಾಕ್ಟೀರಿಯಾ ಸಿಕ್ಕರೆ 1,20,000. ಸ್ಲೈಡಿಗೆ ಕಡಿಮೆ ಅಂದರೂ 20 ಚೌಕ ಎಣಿಸಿ. ಗಿಜಿಗುಡುವ ಜಾಗ ಹುಡುಕಿಕೊಂಡು ಹೋಗಬೇಡಿ. ಕಣ್ಣು ತಾನಾಗೇ ಅಲ್ಲಿಗೆ ಹೋಗುತ್ತದೆ, ಅದಕ್ಕೇ ಚೌಕಗಳನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಬ್ಯಾಕ್ಟೀರಿಯಾ ಬೆಳೆಸಿ ನೋಡುವುದಾದರೆ ಮರೈನ್ ಅಗರ್ (ಕಡಲ ಬ್ಯಾಕ್ಟೀರಿಯಾಕ್ಕೆ ಆಹಾರ ಬೆರೆಸಿದ ಜೆಲ್ಲಿ) ತಟ್ಟೆಗಳನ್ನು 4 ಡಿಗ್ರಿಯಲ್ಲಿ ಇಟ್ಟು ಮೂರು-ನಾಲ್ಕು ವಾರ ಕಾಯಿರಿ. ಒಂದು ವಾರಕ್ಕೆ "ಏನೂ ಬಂದಿಲ್ಲ" ಎಂದು ಎಸೆದರೆ ನಿಜವಾದ ಚಳಿಪ್ರಿಯರನ್ನೇ ಎಸೆದಂತೆ. ಸೈಕ್ರೊಬ್ಯಾಕ್ಟರ್, ಸ್ಯೂಡೊಆಲ್ಟೆರೊಮೊನಾಸ್ ಬೇಗ ಮುಖ ತೋರಿಸುತ್ತವೆ. ಕಾಲ್ವೆಲಿಯಾ, ಪೋಲಾರಿಬ್ಯಾಕ್ಟರ್‌ಗೆ ತಾಳ್ಮೆ ಬೇಕು. ಇವುಗಳಲ್ಲಿ ಏನೇನು ವಿಚಿತ್ರ ಇರಬಹುದು ಎಂಬುದಕ್ಕೆ ಒಂದು ಉದಾಹರಣೆ: ಅಂಟಾರ್ಕ್ಟಿಕಾದ ಏಸ್ ಕೆರೆಯಲ್ಲಿ ಸಿಕ್ಕ ಮ್ಯಾರಿನೊಮೊನಾಸ್ ಪ್ರಿಮೊರಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾಕ್ಕೆ ಮಂಜನ್ನೇ ಹಿಡಿದುಕೊಳ್ಳುವ ಒಂದು ಭಾರಿ ಪ್ರೋಟೀನ್ ಇದೆ. ಅದರಿಂದ ಮಂಜಿಗೂ ಅಂಟುತ್ತದೆ, ಡಯಾಟಮ್‌ಗೂ ಅಂಟುತ್ತದೆ.

10. ವರ್ಷದ ಚೌಕಟ್ಟು, ವಾಪಸ್ ಪ್ರಯಾಣ

ನೀವು ಹೊರಟ ಮೇಲೆ ಉಳಿಯುವ ಚೌಕಟ್ಟಿನ ಜಿಪಿಎಸ್ ಗುರುತು, ಆಳ, ಹಗ್ಗದ ಬಣ್ಣ, ಎತ್ತುವ ತಿಂಗಳು, ಇವನ್ನು ಒಂದು ಹಾಳೆಯಲ್ಲಿ ಬರೆದು ಮುಂದಿನ ತಂಡಕ್ಕೂ ಲ್ಯಾಬಿನವರಿಗೂ ಕೊಡಿ. ಬಾಯಲ್ಲಿ ಹೇಳಿದರೆ ಸಾಲದು. ದೀರ್ಘಕಾಲ ನೋಡಿದವರಿಗೇ ಸಿಕ್ಕ ಫಲಗಳು ಇವೆ. ಇದೇ ಫ್ಯೋರ್ಡಿನ ತಳದ ಬಂಡೆಗಳನ್ನು 1980ರಿಂದ ಒಂದೇ ಜಾಗದಲ್ಲಿ ಫೋಟೊ ತೆಗೆಯುತ್ತಾ ಬಂದಿದ್ದರಿಂದಲೇ, 1995ರ ಸುಮಾರಿಗೆ ಅಲ್ಲಿ ಕಡಲಕಳೆ ಒಮ್ಮೆಗೇ ಹೆಚ್ಚಿದ್ದು ಗೊತ್ತಾಯಿತು.

ಚೌಕಟ್ಟು, ಹಗ್ಗ, ಭಾರ ಎಲ್ಲವನ್ನೂ ಕೊನೆಗೆ ಎತ್ತಿ ತರಲೇಬೇಕು. ತಂದದ್ದನ್ನು ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಅದೇ ಹಗ್ಗವನ್ನು ಒದ್ದೆಯಾಗಿಯೇ ಇನ್ನೊಂದು ಕಡಲಿಗೆ ಒಯ್ಯಬೇಡಿ. ಕಾರವಾರದಲ್ಲಿ ರಿಹರ್ಸಲ್ ಮಾಡಿದ ಹಗ್ಗಕ್ಕೂ ಇದೇ ನಿಯಮ. ಅದಕ್ಕಿಂತ ಒಳ್ಳೆಯದು ಧ್ರುವಕ್ಕೆ ಹೊಸ ಹಗ್ಗವನ್ನೇ ಕೊಳ್ಳುವುದು.